ಹಸಿರು ಟವೆಲಿನ ಸೀಟು

ಕೋಲಾರದ ಬಸ್ ನಿಲ್ದಾಣದಲ್ಲಿ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದರಲ್ಲಿ ನಮ್ಮ ಗೆಳೆಯನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ. ಆದರೆ ಈ ಮಹಾಶಯ ತಾನು ಹಿಡಿದ ಸೀಟಿನಲ್ಲಿ ಒಮ್ಮೆಯೂ ಪ್ರಯಾಣ ಮಾಡಿದವನಲ್ಲ!

ವಯಸ್ಸು ನಲವತ್ತೆರಡು. ಬುದ್ಧಿ ಮಾತ್ರ ನಿಧಾನವಾಗಿ ಬೆಳೆದದ್ದು ಎನ್ನುತ್ತಾರೆ. ಇಂಥವರ ಜೊತೆ ಭಾನುವಾರ ಕಳೆಯಲು ಸ್ವಯಂಸೇವಕರು ಬೇಕು, ಸುಮ್ಮನೆ ಜೊತೆಗಿದ್ದರೆ ಸಾಕು ಅಂದರು ಊರಿನ ಒಂದು ಸೇವಾಸಂಸ್ಥೆಯವರು. ಸುಮ್ಮನಿರುವುದರಲ್ಲಿ ನನ್ನಂಥ ಸರ್ಕಾರಿ ನೌಕರನಿಗಿಂತ ಅನುಭವಸ್ಥ ಬೇಕೆ? ಒಪ್ಪಿಕೊಂಡೆ.

ಮೊದಲ ಭಾನುವಾರವೇ ನನ್ನ ಲೆಕ್ಕ ತಪ್ಪಿತು. ಶ್ರೀನಿವಾಸಪುರದ ಬಸ್ಸು ಇನ್ನೂ ನಿಂತಿರಲಿಲ್ಲ, ಇವನು ಓಡಿಹೋಗಿ ಹಸಿರು ಟವೆಲ್ ಎಸೆದು ಹತ್ತಿಯೇಬಿಟ್ಟ. ಏದುಸಿರು ಬಿಡುತ್ತಾ ನಾನೂ ಹತ್ತಿದೆ.

"ಅಲ್ಲಪ್ಪಾ, ನಾವು ಶ್ರೀನಿವಾಸಪುರಕ್ಕೆ ಹೋಗಲ್ವಲ್ಲ!"

"ಯಾರಾದ್ರೂ ಬರ್ತಾರಲ್ಲ ಸಾರ್!"

ಬಂದೇ ಬಂದರು. ಟೊಮೇಟೊ ಮಾರಿ ಖಾಲಿ ಬುಟ್ಟಿ ಹಿಡಿದಿದ್ದ ಅಜ್ಜಿಗೆ ಸೀಟು ಒರೆಸಿ ಕೂರಿಸಿದ. ಆಕೆ "ಸಲ್ಲಗುಂಡು ನಾಯನಾ", ತಣ್ಣಗಿರಪ್ಪಾ, ಎಂದು ತೆಲುಗಿನಲ್ಲಿ ಹರಸಿದಳು. ಇವನು ರಾಜಗಾಂಭೀರ್ಯದಿಂದ ಇಳಿದುಹೋದ. ಕಂಡಕ್ಟರ್ ನನ್ನನ್ನು ಹಿಡಿದುಕೊಂಡ: "ಆಯಪ್ಪ ದಿನಾ ಹಿಂಗೇ. ನೀವ್ಯಾಕೆ ಸಾರ್ ಹತ್ತಿದ್ರಿ?"

ಇನ್ನೊಮ್ಮೆ ಮಾಲೂರಿನ ಬಸ್ಸಿನ ಡ್ರೈವರ್ ಟೀ ಕುಡಿಯಲು ಹೋಗಿದ್ದಾಗ ಅವರ ಸೀಟಿಗೇ ಟವೆಲ್! ಆ ಪುಣ್ಯಾತ್ಮರು ಬಂದು ಕೈಕಟ್ಟಿ ನಿಂತರು.

"ಅಣ್ಣಾ, ನಾನು ಕೂತ್ಕೋಬಹುದಾ?"

"ಎಲ್ಲಿಗೆ?"

"ಮಾಲೂರಿಗೆ."

"ಹಂಗಾದ್ರೆ ಕೂತ್ಕೊ."

ಆಮೇಲೆ ನನಗೆ ಮುಳಬಾಗಿಲಿಗೆ ವರ್ಗವಾಯಿತು. ಭಾನುವಾರ ತಪ್ಪದೆ ಬರುತ್ತೇನೆಂದು ಅವನಿಗೆ ಮಾತು ಕೊಟ್ಟೆ. ಹೆಚ್ಚೆಂದರೆ ಒಂದು ಗಂಟೆಯ ದಾರಿ! ಒಂದು ವಾರ ಯಾರದೋ ಗೃಹಪ್ರವೇಶ, ಇನ್ನೊಂದು ವಾರ ನೆಗಡಿ, ಮತ್ತೊಂದು ವಾರ ಬರೀ ಸೋಮಾರಿತನ. ಹೀಗೇ ಎರಡು ತಿಂಗಳು ಕಳೆಯಿತು. ಭಾನುವಾರ ಬೆಳಿಗ್ಗೆ ಬಸ್ಸಿನ ಹಾರನ್ ಕೇಳಿದರೆ ಅವನನ್ನು ನೋಡಬೇಕೆನಿಸುತ್ತಿತ್ತು. ಆದರೂ ಹೋಗಲಿಲ್ಲ.

ಕೊನೆಗೆ ಅವನ ಅಕ್ಕ ಫೋನ್ ಮಾಡಿದರು. "ಸಾರ್, ಇವ್ನು ಈಗ ಬಸ್ಸಿಗೆ ಟವೆಲ್ ಹಾಕ್ತಿಲ್ಲ. ಬಸ್ ಸ್ಟ್ಯಾಂಡ್ ಬೆಂಚ್ ಮೇಲೆ ಹಾಕ್ಕೊಂಡು ಕೂತಿರ್ತಾನೆ. ವಯಸ್ಸಾದೋರು ಬಂದ್ರೂ ಬಿಡಲ್ಲ."

ಮುಂದಿನ ಭಾನುವಾರ ಮೊದಲ ಬಸ್ಸಿಗೇ ಹೊರಟೆ. ಏನೇನು ನೆಪ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ.

ಬೆಂಚಿನ ತುದಿಯಲ್ಲಿ ಅವನು, ಪಕ್ಕದಲ್ಲಿ ಹಸಿರು ಟವೆಲ್. ನನ್ನನ್ನು ಕಂಡವನೇ ಟವೆಲ್ ಎತ್ತಿ, ಧೂಳು ಹೊಡೆದು, ಜಾಗ ತೋರಿಸಿದ.

"ಬಸ್ ಲೇಟಾ ಸಾರ್?"



"ಹೂಂ ಕಣೋ, ತುಂಬಾ ಲೇಟಾಯ್ತು" ಎಂದು ಅವನ ಪಕ್ಕದಲ್ಲಿ ಕೂತೆ.