ಅಲ್ಸಾಸಿನ ಬಾಟಲಿ

ಮೆಲ್ವಿನ್‌ನ ಕಷ್ಟಕ್ಕೆ ಮೂಲ ಅವನ ತಂಗಿಯ ಪ್ರೀತಿ. ಫ್ರಾನ್ಸಿನಲ್ಲಿ ನರ್ಸ್ ಆಗಿರುವ ವೆನಿಸ್ಸಾ ರಜೆಗೆ ತಮ್ಮೂರು ವರ್ಕಾಡಿಗೆ ಬಂದವಳು, ಅಣ್ಣನ ಕೈಯಲ್ಲಿ ಒಂದು ಬಾಟಲಿ ಇಟ್ಟು ಹೋಗಿದ್ದಳು. ಅಲ್ಸಾಸ್ ಎಂಬ ಸೀಮೆಯ ಬಿಳಿ ವೈನ್. ದ್ರಾಕ್ಷಿಯ ಹೆಸರು ಗೆವುರ್ಜ್‌ಟ್ರಾಮಿನರ್. ಮೆಲ್ವಿನ್ ಆ ಹೆಸರನ್ನು ಮೂರು ದಿನ ಬಾಯಿಪಾಠ ಮಾಡಿದ.

ಕಾರಣವಿತ್ತು. ಅಲ್ಲೇ ಹತ್ತಿರದ ಅನಂತಪುರದಲ್ಲಿ ಅವನು ದುಡಿಯುವ ಕಾರ್ಖಾನೆಯ ಮ್ಯಾನೇಜರ್ ಜಿತೇಂದ್ರ ಸಾಹೇಬರು ಎರಡು ವರ್ಷ ಆ ಸೀಮೆಯಲ್ಲಿ ಇದ್ದು ಬಂದವರು. ಚಹಾದ ಹೊತ್ತಿಗೆಲ್ಲ ಅಲ್ಲಿನ ಬೆಟ್ಟದ ತಪ್ಪಲು, ನಸುಗೆಂಪು ಸಿಪ್ಪೆಯ ದ್ರಾಕ್ಷಿ, ಅದರ ವೈನಿನ ಗುಲಾಬಿ ಪರಿಮಳ, ಇದೇ ಪುರಾಣ. ಸೂಪರ್‌ವೈಸರ್ ಹುದ್ದೆ ಖಾಲಿ ಬಿದ್ದಿತ್ತು. ಮೆಲ್ವಿನ್ ಅವರನ್ನು ಭಾನುವಾರದ ಊಟಕ್ಕೆ ಕರೆದ.

ಭಾನುವಾರ ಇಗರ್ಜಿಯ ಪೂಜೆ ಮುಗಿಸಿ, ಅಂಗಡಿಯಿಂದ ಹಂದಿಮಾಂಸ ಹಿಡಿದುಕೊಂಡು ಮನೆಗೆ ಬಂದರೆ, ಬಾಟಲಿ ಅಡುಗೆಕಟ್ಟೆಯ ಮೇಲೆ ಖಾಲಿ ನಿಂತಿತ್ತು. ಅತ್ತೆ ಕ್ರಿಸ್ಟಿನ್ ಬಾಯಿ ಭರಣಿಯಲ್ಲಿ ಸೌಟು ಆಡಿಸುತ್ತಿದ್ದರು. ಪಕ್ಕದ ಮನೆಯ ಲೋಕಯ್ಯ ಸ್ಟೂಲಿನ ಮೇಲೆ ಕೂತು ಸಲಹೆ ಕೊಡುತ್ತಿದ್ದ.

"ಮಾಂಯ್, ವೈನ್ ಎಲ್ಲಿ?" ಎಂದು ಅತ್ತೆಯನ್ನು ಕೇಳಿದ.

"ಇಲ್ಲೇ ಉಂಟು. ಪಾಪ, ವೆನಿಸ್ಸಾಳಿಗೆ ಅಂಗಡಿಯವ ಮೋಸ ಮಾಡಿದ್ದಾನೆ. ಬಣ್ಣವೇ ಇಲ್ಲ. ಮರ್ಯಾದೆ ಹೋಗುವುದು ಬೇಡ ಅಂತ ಸಕ್ಕರೆ ಕಪ್ಪಗೆ ಸುಟ್ಟು ಹಾಕಿದೆ. ಮತ್ತೆ ಸ್ವಲ್ಪ ಲವಂಗ, ಚಕ್ಕೆ."

"ಶುಂಠಿ ನಾನು ಹೇಳಿದ್ದು" ಎಂದ ಲೋಕಯ್ಯ.

ನಲವತ್ತು ಕ್ರಿಸ್ಮಸ್‌ಗೆ ಮನೆಯಲ್ಲೇ ವೈನ್ ಮಾಡಿದ ಕೈ ಅದು. ವೈನ್ ಎಂದರೆ ಕಪ್ಪಗೆ, ಸಿಹಿಯಾಗಿ ಇರಬೇಕು ಎಂಬುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ. ಮೆಲ್ವಿನ್‌ಗೆ ಅಳು ಬಂತು. ಆದರೆ ಅತ್ತೆಗೆ ಎದುರಾಡುವಂತಿಲ್ಲ, ಮನೆ ಅವರದು.

"ತಲೆಬಿಸಿ ಎಂತಕ್ಕೆ ಮಾರಾಯ? ನಮ್ಮ ಹಿತ್ತಿಲಲ್ಲಿ ಪನ್ನೇರಳೆ ಹಣ್ಣು ಉಂಟು. ಅದೂ ಗುಲಾಬಿ ಪರಿಮಳವೇ. ಹಿಂಡಿ ತುಂಬಿಸುವ" ಎಂದ ಲೋಕಯ್ಯ.

ಬೇರೆ ದಾರಿಯಿರಲಿಲ್ಲ. ಹಿಂಡಿದರು, ಸೋಸಿದರು, ಬಾಟಲಿಗೆ ತುಂಬಿಸಿ ಬಿರಡೆ ಒತ್ತಿದರು. ಅಷ್ಟರಲ್ಲಿ ಸಾಹೇಬರ ಕಾರು ಅಂಗಳಕ್ಕೆ ಬಂತು.

ಮೆಲ್ವಿನ್ ಬಾಟಲಿ ಎತ್ತಿ ಹಿಡಿದು, ಒಂದೇ ಉಸಿರಿನಲ್ಲಿ ಹೆಸರು ಒಪ್ಪಿಸಿದ.

"ಇದನ್ನು ಎರಡು ವರ್ಷ ಕುಡಿದವನು ನಾನು. ಇದು ನಿಮಗೇ ಇರಲಿ" ಎಂದರು ಸಾಹೇಬರು. "ನಿಮ್ಮಲ್ಲಿ ಮನೆಯಲ್ಲೇ ವೈನ್ ಮಾಡುತ್ತಾರಂತಲ್ಲ, ಅದು ಇಲ್ಲವಾ?"

ಮೆಲ್ವಿನ್ ಬಾಯಿ ತೆರೆಯುವುದರೊಳಗೆ ಅತ್ತೆ ಭರಣಿ ಸಮೇತ ಹಾಜರಾದರು. ಸಾಹೇಬರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಮತ್ತೆ ಲೋಟ ಮುಂದೆ ಹಿಡಿದರು.

"ಇಂಥದ್ದು ಎಲ್ಲಿಯೂ ಕುಡಿದಿಲ್ಲ. ಗುಲಾಬಿಯ ಹಿಂದೆಯೇ ಲವಂಗ ಬರುತ್ತದೆ. ಅಲ್ಸಾಸಿನವರು ಇಲ್ಲಿ ಬಂದು ಕಲಿಯಬೇಕು."

"ಎಲ್ಲ ಕೈಗುಣ" ಎಂದರು ಅತ್ತೆ.

ಮೂರನೆಯ ಲೋಟಕ್ಕೆ ಸಾಹೇಬರು ಮೆಲ್ವಿನ್‌ನ ಹೆಗಲ ಮೇಲೆ ಕೈ ಹಾಕಿದರು. "ಮುಂದಿನ ತಿಂಗಳು ಹೆಡ್ ಆಫೀಸಿನವರು ಬರುತ್ತಾರೆ. ಇದೇ ವೈನ್ ಹನ್ನೆರಡು ಬಾಟಲಿ ಬೇಕು. ಸೂಪರ್‌ವೈಸರ್ ವಿಷಯ ಅವತ್ತೇ ಮುಗಿಸೋಣ."

ನಿಜ ಬಾಯಿಬಿಟ್ಟರೆ, ತಾವು ಹೊಗಳುವ ಅಲ್ಸಾಸಿನ ವೈನಿನ ಗುರುತೇ ಸಿಗದ ಸಾಹೇಬರ ಮಾನ ಹೋಗುತ್ತದೆ, ಜೊತೆಗೆ ಮೆಲ್ವಿನ್‌ನ ಹುದ್ದೆಯೂ.

"ಹನ್ನೆರಡು ಎಂತಕ್ಕೆ ಸರ್, ಇಪ್ಪತ್ತೇ ಮಾಡಿ ಕೊಡುವ" ಎಂದರು ಅತ್ತೆ.

ವೆನಿಸ್ಸಾಳ ಮುಂದಿನ ರಜೆಗೆ ಇನ್ನೂ ಎರಡು ವರ್ಷ ಇತ್ತು.