ಥಾವರಪ್ಪನ ಎರಡನೆಯ ರಕ್ತ

ದವಡೆ ಹಲ್ಲು ಬಾತು ಥಾವರಪ್ಪನ ಗಲ್ಲ ಬೋಂಡಾ ಆಗಿದ್ದ ವಾರದಲ್ಲೇ ವೆರ್ಣಾದ ಕಾರ್ಖಾನೆಯವರು ಅವನ ರಕ್ತ ತೆಗೆಸಿದರು. ವರ್ಷಗಟ್ಟಲೆ ಕಾಂಟ್ರ್ಯಾಕ್ಟಿನಲ್ಲಿ ಸವೆದವನನ್ನು ಈಗ ಪರ್ಮನೆಂಟ್ ಮಾಡುವ ಮನಸ್ಸು ಮಾಡಿದ್ದರು. ಡಾಕ್ಟರು ‘ಫಿಟ್’ ಎಂದು ಸಹಿ ಹಾಕಿದರೆ ಮುಗಿಯಿತು. ಅಷ್ಟರಲ್ಲಿ ಇಂದು ಮುಂಜಾನೆ ಮೊಬೈಲಿಗೆ ರಿಪೋರ್ಟು ಬಂತು. ಬೆನ್ನಿಗೇ ಆಫೀಸಿನಿಂದ ಫೋನು: ಮಧ್ಯಾಹ್ನದೊಳಗೆ ಲ್ಯಾಬಿಗೆ ಹೋಗಿ ಮತ್ತೊಮ್ಮೆ ರಕ್ತ ಕೊಡು, ಸಂಜೆ ಡಾಕ್ಟರನ್ನು ಕಾಣು.

ಫಾತೋರ್ಡಾದಲ್ಲಿ ಅವನಿದ್ದ ಸಾಲು ಖೋಲಿಗಳವರಿಗೆ ಇಂಗ್ಲಿಷು ಓದಿ ಹೇಳುವವರು ಎದುರು ಬಿಲ್ಡಿಂಗಿನ ಬಿಂದುಮಾಧವರಾಯರು. ಧಾರವಾಡದವರು, ಬ್ಯಾಂಕಿನ ನೌಕರಿ. ಮಂದಿಯ ರಿಪೋರ್ಟು ಎಂದರೆ ಅವರಿಗೆ ಹಬ್ಬದೂಟ.

“ಸಿ.ಆರ್.ಪಿ. ನಲವತ್ತೆಂಟು ಅದಲೋ! ಆರರ ಒಳಗ ಇರಬೇಕು,” ಎಂದರು ರಾಯರು. “ಅಂದ್ರ ಮೈಯೊಳಗ ಬೆಂಕಿ ಹತ್ತಿದಂಗ.”

“ಎಲ್ಲಿ ಹತ್ತೇತ್ರೀ ರಾಯರ?”

“ಅದನ್ನ ಈ ನಂಬರ್ ಹೇಳೂದಿಲ್ಲ. ಹೃದಯ ಇರಬಹುದು, ಕೀಲು ಇರಬಹುದು. ಅದಕ್ಕಿಂತ ಕೆಟ್ಟದ್ದೂ ಇರಬಹುದು.”

“ನನ್ನ ಹಲ್ಲು ಬಾತೇತಲ್ರೀ...”

“ಹಲ್ಲು ಬಾಯಾಗ ಇರ್ತದ. ಇದು ರಕ್ತದ ಮಾತು. ಈ ಸಲಾನೂ ಫೇಲಾದ್ರ ಪರ್ಮನೆಂಟ್ ಮರ್ತುಬಿಡು.”

ಹೆಂಡತಿ ಮೋತಿಬಾಯಿ ಸೆರಗು ಬಾಯಿಗೊತ್ತಿ ಅಳತೊಡಗಿದಳು. ಪಕ್ಕದ ಖೋಲಿಯ ಹುಲಿಗೆಮ್ಮ ಓಡಿ ಬಂದಳು.

“ಅಳಕೋತ ಕುಂತ್ರ ಬೆಂಕಿ ಆರ್ತೈತೇನ? ಹೊಟ್ಟಿ ಹಸನಾದ್ರ ಅರ್ಧ ಜಡ್ಡು ಹೋದಂಗ!” ಎಂದು ಥಾವರಪ್ಪನ ನೆತ್ತಿಗೆ ಹರಳೆಣ್ಣೆ ತಟ್ಟಿದಳು, ಉಳಿದದ್ದನ್ನು ಗಂಟಲಿಗೆ ಸುರಿದಳು, ಮೇಲೊಂದು ತಂಬಿಗೆ ಕೋಕಂ ನೀರು ಕುಡಿಸಿದಳು. ಊರ ಉಸಾಬರಿ ಮಾಡಿದವರು ಸೊರಗುತ್ತಾರಂತೆ. ಇಲ್ಲಿ ಉಸಾಬರಿ ಮಾಡಿದವರು ಗಟ್ಟಿಯಾಗಿಯೇ ಇದ್ದರು; ಪಾಯಖಾನೆಗೆ ಎಡತಾಕಿ ಸೊರಗಿದವನು ಥಾವರಪ್ಪ.

ಮಧ್ಯಾಹ್ನ ಹತ್ತಿರ ಬಂದಾಗ ಅವನಿಗೆ ನಿಲ್ಲಲೂ ತ್ರಾಣವಿರಲಿಲ್ಲ. ಆಗ ಹೊಳೆದದ್ದು ಕಾಂಟ್ರ್ಯಾಕ್ಟ್ ಕೂಲಿಗಳ ಹಳೆಯ ರೂಢಿ. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಅವನ ಕಾರ್ಡು ಕೊರಳಿಗೆ ಹಾಕಿಕೊಂಡು ಪಾಳಿ ಮುಗಿಸಿ ಬರುತ್ತಾನೆ. ಕಾರ್ಡಿನ ಫೋಟೊ ಬೆವರಿಗೆ ಮಾಸಿರುತ್ತದೆ, ಗೇಟಿನವನು ಟೋಪಿ ನೋಡಿ ಒಳಗೆ ಬಿಡುತ್ತಾನೆ. ಪಾಳಿ ಮಾಡಿಕೊಟ್ಟಂತೆ ರಕ್ತವನ್ನೂ ಕೊಟ್ಟರಾಯಿತು!

ಕೊನೆಯ ಖೋಲಿಯ ಮಾಂತೇಶ ಸಿಮೆಂಟು ಚೀಲ ಹೊರುವ ಹಮಾಲ, ಎತ್ತಿನಂಥ ಆಳು. ಆಸ್ಪತ್ರೆಯ ಮೆಟ್ಟಿಲು ಹತ್ತಿದವನೇ ಅಲ್ಲ.

“ನಿನ್ನ ರಕ್ತ ಒಂದೀಟು ಬೇಕಾಗಿತ್ತೋ ತಮ್ಮಾ.”

“ಒಂದೀಟ್ಯಾಕ, ಬಾಟ್ಲಿ ತುಂಬಾ ತಗೋ ಅಣ್ಣಾ!” ಎಂದು ಮಾಂತೇಶ ಅವನ ಕಾರ್ಡು ಕೊರಳಿಗೆ ಹಾಕಿಕೊಂಡು ಹೊರಟೇಬಿಟ್ಟ. ಲ್ಯಾಬಿನ ಹುಡುಗಿ ಥಾವರಪ್ಪ ಯಾರೆಂದು ಕೇಳಿದಾಗ “ನಾನರೀ” ಎಂದು ತೋಳು ಚಾಚಿದ.

ಸಂಜೆ ಇಬ್ಬರೂ ಕೂಡಿಯೇ ಹೋದರು. ಮಾಂತೇಶ ಹೊರಗೆ ಬಾಕಿನ ಮೇಲೆ ಕೂತ. ಕಾರ್ಖಾನೆಯ ಡಾಕ್ಟರು, ಕಾರವಾರ ಕಡೆಯ ಧನಶ್ರೀ, ರಿಪೋರ್ಟು ನೋಡಿ ಕನ್ನಡಕ ತೆಗೆದರು.

“ಮೊದಲಿನ ರಿಪೋರ್ಟಿಗೆ ನಾನು ಗಾಬರಿ ಆಗಿರಲಿಲ್ಲ. ಹಲ್ಲು ಬಾತರೂ ಸಿ.ಆರ್.ಪಿ. ಏರ್ತದೆ. ಸ್ವಲ್ಪ ಇಳಿದಿದ್ರೆ ಇವತ್ತೇ ಸಹಿ ಹಾಕ್ತಿದ್ದೆ. ಈಗ ನೋಡಿ, ನೂರ ತೊಂಬತ್ತು! ಇ.ಎಸ್.ಆರ್. ನೂರು ದಾಟಿದೆ. ಮೈಯಲ್ಲಿ ರಕ್ತವೂ ಅರ್ಧಕ್ಕರ್ಧ ಇಲ್ಲ. ಏನೋ ದೊಡ್ಡದು ಒಳಗೊಳಗೇ ತಿಂತಾ ಇದೆ. ಈಗಲೇ ಆಸ್ಪತ್ರೆ ಸೇರಬೇಕು.”

ಥಾವರಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಸುಮ್ಮನಿದ್ದರೆ ಪರ್ಮನೆಂಟ್ ಹೋದೀತು, ಕಾಂಟ್ರ್ಯಾಕ್ಟಾದರೂ ಉಳಿದೀತು. ಬಾಯಿ ಬಿಟ್ಟರೆ ಮೋಸಗಾರನೆಂದು ಗೇಟಿನಾಚೆ ದಬ್ಬುತ್ತಾರೆ. ಆದರೆ ಈ ರಕ್ತದವನು ಹೊರಗೆ ಬಾಕಿನ ಮೇಲೆ ಕೂತಿದ್ದನಲ್ಲ!

“ಮೇಡಮ್ಮಾರ, ಅದು ನನ್ನ ರಕ್ತ ಅಲ್ರಿ.”

“ನಂಬರ್ ಕೆಟ್ಟದಿದ್ರೆ ಎಲ್ಲರೂ ಹಾಗೇ ಹೇಳ್ತಾರೆ,” ಎಂದು ಡಾಕ್ಟರು ‘ಅನ್‌ಫಿಟ್’ ಬರೆದು ಸಹಿ ಹಾಕಿದರು.

ಅವನು ಹೊರಗೆ ಬಂದದ್ದೇ ಮಾಂತೇಶ ಹಲ್ಲು ಕಿರಿಯುತ್ತ ಎದ್ದು ನಿಂತ. “ಏನಾತಣ್ಣಾ? ಪಾಸಾದ್ನೋ ಇಲ್ಲೋ?”

“ಬಾ ತಮ್ಮಾ, ಡಾಕ್ಟರ ಮುಂದ ನಿನ್ನ ಖರೇ ಹೆಸರು ಹೇಳು,” ಎಂದು ಥಾವರಪ್ಪ ಅವನ ಕೈ ಹಿಡಿದು ಒಳಗೆ ಎಳೆದ. ಕೈ ಒಲೆಯ ಮೇಲಿನ ಹಂಚಿನಂತೆ ಸುಡುತ್ತಿತ್ತು. ಎಷ್ಟು ದಿನದಿಂದ ಸುಡುತ್ತಿತ್ತೋ ಏನೋ, ಯಾರೂ ಮುಟ್ಟಿ ನೋಡಿರಲಿಲ್ಲ.