ವೈರಸ್ ತೆಗೆದ ತಪ್ಪಿಗೆ

ವೈರಸ್ ತಂದವರನ್ನು ಯಾರೂ ಬೈಯುವುದಿಲ್ಲ, ತೆಗೆದವನನ್ನು ಬೈಯುತ್ತಾರೆ. ಕೊಪ್ಪದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಷ್ಟು ದಿನವೂ ನನಗೆ ಇದೇ ಆಯಿತು. ಇನ್ನೂ ಇಟ್ಟುಕೊಂಡಿದ್ದರೆ ಇನ್ನೂ ಆಗುತ್ತಿತ್ತು.

ಅದು ಪೆನ್‌ಡ್ರೈವ್ ಹೊಸದಾಗಿ ಬಂದ ಕಾಲ. ಒಂದೇ ಪೆನ್‌ಡ್ರೈವ್ ಊರೆಲ್ಲ ಸುತ್ತುತ್ತಿತ್ತು, ಅದರ ಜೊತೆ ವೈರಸ್ಸೂ. ಒಳಹೊಕ್ಕ ವೈರಸ್, ಮಿಷನ್ ಆನ್ ಆದ ಕೂಡಲೇ ತನ್ನನ್ನು ಕರೆಯುವಂತೆ ಒಂದು ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳುತ್ತದೆ. ಆಂಟಿವೈರಸ್ ಅದನ್ನು ಹಿಡಿದು ಹಾಕಿದರೂ ಹೆಸರು ಉಳಿದಿರುತ್ತದೆ. ಟಿ.ಸಿ. ತೆಗೆದುಕೊಂಡು ಹೋದ ವಿದ್ಯಾರ್ಥಿಯ ಹೆಸರನ್ನು ಮೇಷ್ಟ್ರು ಹಾಜರಿಯಲ್ಲಿ ದಿನಾ ಕೂಗಿದ ಹಾಗೆ, ಮಿಷನ್ ದಿನಾ ಕರೆಯುತ್ತದೆ. ಸಿಗದೆ ಹೋದಾಗ, 'ಈ ಫೈಲ್ ಸಿಗುತ್ತಿಲ್ಲ' ಎಂದು ಇಂಗ್ಲಿಷಿನಲ್ಲಿ ಒಂದು ಪೆಟ್ಟಿಗೆ ಪರದೆಯ ನಡುವೆ ಬಂದು ಕೂರುತ್ತದೆ, ತಪ್ಪು ಉತ್ತರಕ್ಕೆ ಹಾಕುವಂಥ ಕೆಂಪು ಕಾಟು ಹೊತ್ತುಕೊಂಡು. ಹೆಸರು ಅಳಿಸಲು ಐದು ನಿಮಿಷ ಸಾಕು. ಆದರೆ ಆ ಐದು ನಿಮಿಷ ಕರೆಂಟ್ ಇರಬೇಕು, ಗಿರಾಕಿಯೂ ಬಿಡಬೇಕು.

ಆ ವರ್ಷ ನನ್ನ ಅಂಗಡಿ ಮುಚ್ಚುವ ಹಂತಕ್ಕೆ ಬಂದಿತ್ತು. ಎನ್.ಆರ್.ಪುರದ ಒಂದು ಸಹಕಾರಿ ಸಂಘ ತನ್ನ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ಜನ ಹುಡುಕುತ್ತಿತ್ತು. ಆ ಕೆಲಸ ಸಿಕ್ಕರೆ ಅಂಗಡಿ ಉಳಿಯುತ್ತಿತ್ತು. ಕಾರ್ಯದರ್ಶಿ, "ನಿಮ್ಮ ಕೆಲಸ ಹ್ಯಾಗೆ ಅಂತ ಒಂದಿಬ್ರನ್ನ ವಿಚಾರಿಸ್ತೀನಿ" ಎಂದರು. ನಾನು ನಂಬಿಕೆಯಿಂದ, ಅದೇ ವಾರ ಕೆಲಸಕ್ಕೆ ಕರೆದಿದ್ದ ಇಬ್ಬರು ಗಿರಾಕಿಗಳ ಹೆಸರು ಕೊಟ್ಟೆ.

೧. ಒಪ್ಪಿಗೆ

ಮೊದಲನೆಯವರು ಶೃಂಗೇರಿ ಕಡೆಯ ಒಂದು ಕಚೇರಿಯ ಗುಮಾಸ್ತರು. ಅವರ ಕಂಪ್ಯೂಟರಿನ ವೈರಸ್ ತೆಗೆಯುವಷ್ಟರಲ್ಲಿ ಕರೆಂಟ್ ಹೋಯಿತು. "ಪೆಟ್ಟಿಗೆ ಬಂದ್ರೆ ಓಕೆ ಒತ್ತಿ, ಮುಂದಿನ ವಾರ ಬಂದು ಸರಿಮಾಡ್ತೀನಿ" ಎಂದು ಹೇಳಿ ಬಸ್ಸು ಹಿಡಿದೆ.

ಮುಂದಿನ ವಾರ ಹೋದರೆ ಕಚೇರಿಯ ಕೆಲಸವೆಲ್ಲ ನಿಂತಿತ್ತು. ಪರದೆಯ ಮೇಲೆ ಅದೇ ಪೆಟ್ಟಿಗೆ. ಗುಮಾಸ್ತರು ಎದುರಿಗೆ ಕೈಕಟ್ಟಿ ಕೂತಿದ್ದರು.

"ಓಕೆ ಒತ್ತಲಿಲ್ವಾ?"

"ಹ್ಯಾಗೆ ಒತ್ತೋದು ಮಾರಾಯ್ರೆ? ಸಾಹೇಬ್ರು ರಜೆ ಮೇಲಿದ್ದಾರೆ. ಎಂತದಕ್ಕೆ ಒಪ್ಪಿದ್ದು ಅಂತ ನಾಳೆ ಕೇಳಿದ್ರೆ ನಾನು ಎಂತ ಹೇಳ್ಲಿ?"

ಮೇಲಿನ ಕಚೇರಿಗೆ ಪತ್ರ ಬರೆದಿದ್ದರಂತೆ. 'ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳುವುದು' ಎಂದು ಉತ್ತರವೂ ಬಂದಿತ್ತು. ನಾನೇ ಓಕೆ ಒತ್ತಿದೆ, ಪಟ್ಟಿಯಿಂದ ಹೆಸರೂ ಅಳಿಸಿದೆ. ಹೊರಡುವಾಗ ಅವರು ಒಂದು ರಿಜಿಸ್ಟರ್ ಮುಂದಿಟ್ಟರು. ಓಕೆ ಒತ್ತಿದ್ದು ನಾನೇ, ಮುಂದಿನ ಪರಿಣಾಮಗಳಿಗೆಲ್ಲ ನಾನೇ ಹೊಣೆ ಎಂದು ಸಹಿ ಹಾಕಿಸಿಕೊಂಡೇ ಬಿಟ್ಟರು.

೨. ಗಣಪತಿ

ಎರಡನೆಯವರು ಕೊಪ್ಪದಲ್ಲೇ ಡಿಟಿಪಿ ಅಂಗಡಿ ಇಟ್ಟಿದ್ದ ಹೆಂಗಸು, ಮದುವೆ ಕಾಗದ ಮಾಡುವವರು. ವೈರಸ್ ತೆಗೆದು ಹೆಸರು ಅಳಿಸಲು ಕೂತಿದ್ದೆ, "ಗಿರಾಕಿ ಬಂದ್ರು, ಏಳಿ ಏಳಿ" ಎಂದು ಎಬ್ಬಿಸಿದರು. ಬಂದದ್ದು ಹೆಣ್ಣಿನ ತಂದೆ. ನಾಲ್ಕು ಮೂಲೆಗೂ ಅರಿಸಿನ ಹಚ್ಚಿದ ಕಾಗದದಲ್ಲಿ ಒಕ್ಕಣೆ ಬರೆದು ತಂದಿದ್ದರು. ಆಕೆ ಮಿಷನ್ ಆಫ್ ಮಾಡಿ ಆನ್ ಮಾಡಿದರೆ ಮೊದಲು ಕಂಡದ್ದೇ ಕೆಂಪು ಕಾಟು.

"ಎಂತ ಅಂತೆ ಅದು?" ಎಂದರು ಅವರು.

"ಎಂತದೋ ಸಿಗ್ತಾ ಇಲ್ಲ ಅಂತೆ" ಎಂದರು ಈಕೆ.

ಆತ ಕಾಗದ ಮಡಚಿ, ಚಪ್ಪಲಿ ಮೆಟ್ಟಿ, ಪಕ್ಕದ ಅಂಗಡಿಗೆ ಹೋದರು. ಆಕೆ ನನ್ನನ್ನು ಮತ್ತೆ ಹತ್ತಿರ ಸೇರಿಸಲಿಲ್ಲ. ತಾವೇ ಒಂದು ಉಪಾಯ ಮಾಡಿದರು. ಪೆಟ್ಟಿಗೆ ಬರುವ ಜಾಗಕ್ಕೆ ಸರಿಯಾಗಿ ಪರದೆಯ ಮೇಲೆ ಗಣಪತಿಯ ದೊಡ್ಡ ಸ್ಟಿಕ್ಕರ್ ಅಂಟಿಸಿದರು. ಗಿರಾಕಿಗಳು ಕೈಮುಗಿದು ಕೂರತೊಡಗಿದರು. ಒಂದು ಮದುವೆಯ ಬೆಳಗಿನ ಮುಹೂರ್ತ ಸಂಜೆ ಎಂದು ಟೈಪಾದದ್ದು ಮಾತ್ರ ಗಣಪತಿಯ ಹಿಂದೆ ಬಿದ್ದು ಯಾರ ಕಣ್ಣಿಗೂ ಕಾಣಲಿಲ್ಲ. ಕಾಗದವೆಲ್ಲ ಹಂಚಿ ಮುಗಿದ ಮೇಲೆ ಕಂಡಿತು. ಅದಕ್ಕೂ ನಾನೇ ಕಾರಣವಂತೆ.

೩. ಮೌನ

ಕಾರ್ಯದರ್ಶಿ ಇಬ್ಬರನ್ನೂ ವಿಚಾರಿಸಿದ್ದರು. ಇಬ್ಬರೂ ಒಂದೇ ಮಾತು ಹೇಳಿದ್ದರು: "ಅವರು ಬಂದು ಹೋದ್ಮೇಲೆ ಶುರುವಾಯ್ತು." ಆದರೂ ದೊಡ್ಡ ಮನಸ್ಸು ಮಾಡಿ, ಪರೀಕ್ಷೆಗೆಂದು ಒಂದು ಮಿಷನ್ ಕೊಟ್ಟರು. ಅದರಲ್ಲಿ ನಾನೂರಕ್ಕೂ ಹೆಚ್ಚು ಸೋಂಕಿದ ಫೈಲುಗಳಿದ್ದವು. ಇಡೀ ದಿನ ಕೂತು ಅಷ್ಟನ್ನೂ ಹಿಡಿದು ಆಂಟಿವೈರಸ್ಸಿನ ಸೆರೆಮನೆಗೆ ಹಾಕಿದೆ. ಕೊನೆಯ ಐದು ನಿಮಿಷ ಬೇಕೆನ್ನುವಾಗ, ಯಥಾಪ್ರಕಾರ, ಕರೆಂಟ್ ಹೋಯಿತು. ಮರುದಿನ ನಾನು ಬಸ್ಸಿಳಿದು ತಲುಪುವ ಮೊದಲೇ ಸಂಘದ ಅಧ್ಯಕ್ಷರು ಬಂದು ಮಿಷನ್ ಆನ್ ಮಾಡಿಸಿದ್ದರು.

"ಈ ಪೆಟ್ಟಿಗೆ ಮೊದ್ಲು ಇತ್ತಾ?" ಎಂದರು ಅಧ್ಯಕ್ಷರು.

"ಇರ್ಲಿಲ್ಲ ಸಾರ್" ಎಂದರು ಕಾರ್ಯದರ್ಶಿ.

"ಸಾರ್, ಮೊದ್ಲು ಒಳಗೆ ನಾನೂರು ವೈರಸ್ ಇತ್ತು" ಎಂದೆ ನಾನು.

"ಇದ್ದಿರ್ಬಹುದು ಮಾರಾಯ್ರೆ, ಒಂದಾದ್ರೂ ಬಾಯಿ ಬಿಟ್ಟಿತ್ತಾ?"

ಐದು ನಿಮಿಷ ಕೊಡಿ ಎಂದು ಬೇಡಿಕೊಂಡೆ. ಇನ್ನು ಮುಟ್ಟಬೇಡಿ ಎಂದರು. ಕೆಲಸ ಬೇರೆಯವನಿಗೆ ಹೋಯಿತು. ಅವನು ಎರಡೇ ನಿಮಿಷದಲ್ಲಿ ಪೆಟ್ಟಿಗೆ ಮಾಯ ಮಾಡಿದನಂತೆ. ಹೇಗೆ ಎಂದು ಕಾರ್ಯದರ್ಶಿಯನ್ನು ಕೇಳಿದೆ. "ನೀವು ಎಂತದೋ ಫೈಲುಗಳನ್ನ ಕೂಡಿ ಹಾಕಿದ್ರಂತೆ. ಪಾಪ, ಅಷ್ಟನ್ನೂ ಬಿಡಿಸಿದ್ರು" ಎಂದರು.

೪. ಕಲಿತದ್ದು

ಅಂಗಡಿಯ ಬೋರ್ಡು ಇಳಿಸುತ್ತಿದ್ದ ದಿನ ಬಾಗಿಲಿಗೆ ಒಂದು ಜೀಪು ಬಂದು ನಿಂತಿತು. ಅದೇ ಅಧ್ಯಕ್ಷರು, ಮನೆಯ ಕಂಪ್ಯೂಟರ್ ಹೊತ್ತುಕೊಂಡು. ಸಂಘದ ಪೆನ್‌ಡ್ರೈವ್ ಮನೆಗೂ ಹೋಗಿತ್ತು. ಮನೆಯ ಆಂಟಿವೈರಸ್ ತನ್ನಷ್ಟಕ್ಕೇ ವೈರಸ್ ಹಿಡಿದಿತ್ತು, ಪೆಟ್ಟಿಗೆ ಶುರುವಾಗಿತ್ತು. ಸಂಘದ ರಿಪೇರಿಯವನು ಫೋನ್ ಎತ್ತುತ್ತಿರಲಿಲ್ಲ.

"ಮಗಳ ಮದುವೆ ಫೋಟೋ ಎಲ್ಲ ಇದ್ರಲ್ಲೇ ಉಂಟು" ಎಂದರು. "ಒಂದೇ ಒಂದು ಅಕ್ಷರ ಅಳಿಸ್ಬಾರ್ದು. ಇದ್ದದ್ದೆಲ್ಲ ಇದ್ದ ಹಾಗೇ ಇರ್ಬೇಕು. ಪೆಟ್ಟಿಗೆ ಮಾತ್ರ ಬರ್ಬಾರ್ದು."

ಪಟ್ಟಿಯಲ್ಲಿ ಒಂದು ಹೆಸರು ಅಳಿಸಬೇಕು, ಫೋಟೋಗಳಿಗೆ ಏನೂ ಆಗುವುದಿಲ್ಲ ಎಂದು ಮೂರು ಸಲ ಹೇಳಿದೆ. ಅಳಿಸಬಾರದು ಎಂದು ಮೂರು ಸಲವೂ ಹೇಳಿದರು. ನನಗೆ ತಡೆಯಲಾರದ ಸಿಟ್ಟು ಬಂತು. ಸೆರೆಮನೆ ತೆರೆದು ವೈರಸ್ಸನ್ನು ಹೊರಗೆ ಬಿಟ್ಟೆ. ಮಿಷನ್ ಆಫ್ ಮಾಡಿ ಆನ್ ಮಾಡಿದೆ. ಮಿಷನ್ ಕರೆಯಿತು, ವೈರಸ್ ಬಂದಿತು, ಪೆಟ್ಟಿಗೆ ಬರಲಿಲ್ಲ.

ಅಧ್ಯಕ್ಷರು ಬಗ್ಗಿ ಪರದೆಯ ನಾಲ್ಕು ಮೂಲೆಯನ್ನೂ ನೋಡಿದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, ನಿಜಕ್ಕೂ ಬೇಜಾರು ಮಾಡಿಕೊಂಡು ಹೇಳಿದರು:

"ಇಷ್ಟು ಚೆಂದ ಕೆಲಸ ಬರ್ತದೆ ನಿಮಗೆ. ಆವತ್ತೂ ಹೀಗೇ ಮಾಡಿದ್ರೆ ನಿಮ್ಮನ್ನೇ ಇಟ್ಕೊಳ್ತಿದ್ವಲ್ಲ ಮಾರಾಯ್ರೆ!"